ಡಾ. ಪಿ. ಪಲ್ಪು (1863–1950): ಬೆಂಗಳೂರಿನ ಪ್ಲೇಗ್ ಕಾಲದ ವೈದ್ಯಾಧಿಕಾರಿ

ಪೀಠಿಕೆ

ಹಿಂದಿನ ಮೈಸೂರು ಸಂಸ್ಥಾನದ ಆರೋಗ್ಯ ಸೇವೆಯಲ್ಲಿ ದುಡಿದು ಬೆಂಗಳೂರಿನ ಜನತೆಗೆ ಉಪಕಾರ ಮಾಡಿದ ಮಹನೀಯರಲ್ಲಿ ಡಾ. ಪದ್ಮನಾಭನ್ ಪಲ್ಪು ಅವರೂ ಒಬ್ಬರು. ಕೇರಳದ ಸಾಮಾಜಿಕ ಸುಧಾರಣೆಯ ಇತಿಹಾಸದಲ್ಲಿ ಇವರ ಹೆಸರು ಸುಪ್ರಸಿದ್ಧವಾಗಿದೆ. ಆದರೆ ಇವರ ವೃತ್ತಿ ಜೀವನದ ಬಹುಭಾಗ ಕಳೆದದ್ದು ಕನ್ನಡ ನಾಡಿನಲ್ಲಿ ಎಂಬ ಸಂಗತಿ ಇಲ್ಲಿನ ಅನೇಕರಿಗೆ ತಿಳಿದಿಲ್ಲ. ಅರ್ಹತೆ ಇದ್ದರೂ ಜನ್ಮದ ಕಾರಣದಿಂದ ಹುಟ್ಟೂರಿನಲ್ಲಿ ಸರ್ಕಾರಿ ಉದ್ಯೋಗ ದೊರೆಯದೆ, ಮತ್ತೊಂದು ಸಂಸ್ಥಾನದಲ್ಲಿ ಅದೇ ಅರ್ಹತೆಯ ಮೇಲೆ ಉದ್ಯೋಗ ಪಡೆದು, ಮೂರು ದಶಕಗಳ ಕಾಲ ಸೇವೆ ಸಲ್ಲಿಸಿದ ಈ ವೈದ್ಯರ ಜೀವನವು ಆರೋಗ್ಯ ಕ್ಷೇತ್ರದಲ್ಲಿ ಮೇಲಧಿಕಾರಿ ಮತ್ತು ನೌಕರರ ಸಂಬಂಧ ಹೇಗಿರಬೇಕು ಎಂಬುದನ್ನು ವಿಚಾರ ಮಾಡುವವರಿಗೆ ಉಪಯುಕ್ತವಾಗಿದೆ. ಸರ್ಕಾರಕ್ಕೆ ಅರ್ಜಿ ಸಲ್ಲಿಸಿ ಉತ್ತರಕ್ಕಾಗಿ ಕಾಯುವ ಪ್ರತಿಯೊಬ್ಬ ನಾಗರಿಕರಿಗೂ ಇದರಲ್ಲಿ ತಿಳಿಯಬೇಕಾದ ವಿಷಯವಿದೆ.

ಜನನ ಮತ್ತು ಮನೆತನ

ಡಾ. ಪಲ್ಪು ಅವರು 1863ರ ನವೆಂಬರ್ 2ರಂದು ತಿರುವನಂತಪುರದ ಪೇಟ್ಟ ಎಂಬಲ್ಲಿ ಜನಿಸಿದರು. ಇವರದು ಈಳವ ಸಮುದಾಯಕ್ಕೆ ಸೇರಿದ ಮನೆತನ. ಅಂದಿನ ತಿರುವಾಂಕೂರು ಸಂಸ್ಥಾನದಲ್ಲಿ ಈ ಸಮುದಾಯದವರ ಸಂಖ್ಯೆ ದೊಡ್ಡದಾಗಿತ್ತು. ಬೇಸಾಯ, ತೆಂಗಿನ ಕಸುಬು, ನೇಯ್ಗೆ, ನಾಟಿ ವೈದ್ಯ ಮುಂತಾದವು ಇವರ ವೃತ್ತಿಗಳಾಗಿದ್ದವು. ದುಡಿಮೆಯಲ್ಲಿ ಯಾರಿಗೂ ಕಡಿಮೆ ಇಲ್ಲದಿದ್ದರೂ ದೇವಾಲಯ ಪ್ರವೇಶ, ಸಾರ್ವಜನಿಕ ರಸ್ತೆಗಳ ಬಳಕೆ, ಸರ್ಕಾರಿ ಶಾಲೆ ಹಾಗೂ ಸರ್ಕಾರಿ ಉದ್ಯೋಗ ಈ ವಿಷಯಗಳಲ್ಲಿ ಇವರಿಗೆ ಕಠಿಣ ನಿರ್ಬಂಧಗಳಿದ್ದವು.

ಪಲ್ಪು ಅವರ ಮನೆಯಲ್ಲಿ ಇಂಗ್ಲಿಷ್ ವಿದ್ಯೆಗೆ ಆದರವಿತ್ತು. ಅಣ್ಣ ಪಿ. ವೇಲಾಯುಧನ್ ಅವರು ಆ ಸಮುದಾಯದಲ್ಲಿ ಬಿ.ಎ. ಪದವಿ ಪಡೆದ ಮೊದಲಿಗರಲ್ಲಿ ಒಬ್ಬರು. ಪದವಿ ಇದ್ದರೂ ತಿರುವಾಂಕೂರಿನಲ್ಲಿ ಅವರಿಗೆ ಯೋಗ್ಯ ಹುದ್ದೆ ಸಿಗಲಿಲ್ಲ. ಕೊನೆಗೆ ಅವರು ಬ್ರಿಟಿಷರ ಆಡಳಿತದಲ್ಲಿದ್ದ ಮದರಾಸು ಪ್ರಾಂತದ ಸೇವೆಗೆ ಸೇರಬೇಕಾಯಿತು. ಅಣ್ಣನಿಗೆ ಒದಗಿದ ಈ ಅನುಭವ ತಮ್ಮನಿಗೂ ಕಾದಿತ್ತು.

ವೈದ್ಯಕೀಯ ಶಿಕ್ಷಣ

ಶಾಲಾ ವ್ಯಾಸಂಗ ಮುಗಿಸಿದ ಪಲ್ಪು ಅವರು ತಿರುವಾಂಕೂರು ಸರ್ಕಾರವು ವೈದ್ಯಕೀಯ ವಿದ್ಯಾರ್ಥಿಗಳ ಆಯ್ಕೆಗಾಗಿ ನಡೆಸಿದ ಪರೀಕ್ಷೆಗೆ ಕುಳಿತು ಉತ್ತಮ ಸ್ಥಾನದಲ್ಲಿ ತೇರ್ಗಡೆ ಹೊಂದಿದರು. ಆದರೂ ಅವರಿಗೆ ಪ್ರವೇಶ ದೊರೆಯಲಿಲ್ಲ. ಬಂಧುಮಿತ್ರರ ನೆರವು ಮತ್ತು ಸಾಲದ ಹಣದ ಬಲದಿಂದ ಅವರು ಮದರಾಸಿಗೆ ತೆರಳಿ ಅಲ್ಲಿನ ವೈದ್ಯಕೀಯ ಕಾಲೇಜನ್ನು ಸೇರಿದರು. ಹಣದ ಅಡಚಣೆಯ ನಡುವೆಯೇ ವ್ಯಾಸಂಗ ಪೂರ್ಣಗೊಳಿಸಿ, ಔಷಧ ಹಾಗೂ ಶಸ್ತ್ರಚಿಕಿತ್ಸೆಯಲ್ಲಿ ಅಂದು ನೀಡಲಾಗುತ್ತಿದ್ದ ಎಲ್.ಎಂ.ಎಸ್. ಅರ್ಹತೆಯನ್ನು ಪಡೆದರು.

ತಿರಸ್ಕೃತವಾದ ಅರ್ಜಿ

ವೈದ್ಯರಾಗಿ ಊರಿಗೆ ಮರಳಿದ ಪಲ್ಪು ಅವರು ತಿರುವಾಂಕೂರಿನ ವೈದ್ಯಕೀಯ ಇಲಾಖೆಗೆ ಉದ್ಯೋಗ ಕೋರಿ ಅರ್ಜಿ ಸಲ್ಲಿಸಿದರು. ಆ ಕಾಲದಲ್ಲಿ ಪಾಶ್ಚಾತ್ಯ ವೈದ್ಯಪದ್ಧತಿಯಲ್ಲಿ ತರಬೇತಿ ಪಡೆದ ಸ್ಥಳೀಯರ ಸಂಖ್ಯೆ ಬಹಳ ಕಡಿಮೆ ಇತ್ತು. ಸಂಸ್ಥಾನಕ್ಕೆ ವೈದ್ಯರ ಅವಶ್ಯಕತೆಯೂ ಇತ್ತು. ಆದರೂ ಅವರಿಗೆ ಹುದ್ದೆ ನೀಡಲಿಲ್ಲ. ಅವರ ವಿದ್ಯೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಈಳವ ಸಮುದಾಯದವರನ್ನು ಸರ್ಕಾರಿ ಹುದ್ದೆಗಳಿಗೆ ತೆಗೆದುಕೊಳ್ಳುವ ಪದ್ಧತಿ ಇಲ್ಲದಿರುವುದೇ ಅಡ್ಡಿಯಾಗಿತ್ತು.

ಇದರಿಂದಾದ ನಷ್ಟ ಒಬ್ಬ ವ್ಯಕ್ತಿಯದು ಮಾತ್ರವಲ್ಲ ಎಂಬುದನ್ನು ಗಮನಿಸಬೇಕು. ರೋಗಿಗೆ ಬೇಕಾಗಿದ್ದ ವೈದ್ಯ ಊರಿನಲ್ಲಿಯೇ ಇದ್ದರು. ವೈದ್ಯರಿಗೆ ಬೇಕಾಗಿದ್ದ ಕೆಲಸವೂ ಊರಿನಲ್ಲಿಯೇ ಇತ್ತು. ಇವೆರಡನ್ನು ಒಂದುಗೂಡಿಸಬೇಕಾಗಿದ್ದ ಕಚೇರಿಯು ತನ್ನ ಕರ್ತವ್ಯವನ್ನು ಮಾಡಲಿಲ್ಲ.

ಮೈಸೂರು ಸಂಸ್ಥಾನದ ಸೇವೆ

ಪಲ್ಪು ಅವರು ಮೊದಲು ಮದರಾಸು ಸರ್ಕಾರದ ಲಸಿಕೆ ವಿಭಾಗದಲ್ಲಿ ಕೆಲಸ ಮಾಡಿದರು. ಅನಂತರ 1891ರ ಸುಮಾರಿಗೆ ಮೈಸೂರು ಸಂಸ್ಥಾನದ ವೈದ್ಯಕೀಯ ಸೇವೆಗೆ ಸೇರಿದರು. ಆಗ ಮೈಸೂರಿನಲ್ಲಿ ಹತ್ತನೆಯ ಚಾಮರಾಜ ಒಡೆಯರ ಆಳ್ವಿಕೆ ನಡೆಯುತ್ತಿತ್ತು. ದಿವಾನರಾಗಿ ಸರ್ ಕೆ. ಶೇಷಾದ್ರಿ ಅಯ್ಯರ್ ಅವರಿದ್ದರು. 1894ರ ಕೊನೆಯಲ್ಲಿ ಮಹಾರಾಜರು ನಿಧನರಾದ ನಂತರ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು 1902ರವರೆಗೆ ರೀಜೆಂಟರಾಗಿ ರಾಜ್ಯಭಾರ ನಡೆಸಿದರು.

ಮೈಸೂರು ಸರ್ಕಾರವು ಪಲ್ಪು ಅವರ ವಿದ್ಯಾರ್ಹತೆಯನ್ನು ಪರಿಗಣಿಸಿ ಹುದ್ದೆ ನೀಡಿತು. ಕೊಟ್ಟ ಹುದ್ದೆಗೆ ತಕ್ಕ ಹೊಣೆಯನ್ನೂ ವಹಿಸಿತು. ನೌಕರನೊಬ್ಬನಿಗೆ ತಾನು ಕಲಿತ ವಿದ್ಯೆಯನ್ನು ಉಪಯೋಗಿಸುವ ಅವಕಾಶ, ಕೆಲಸಕ್ಕೆ ತಕ್ಕ ಅಧಿಕಾರ ಮತ್ತು ಮುಂದೆ ಕಲಿಯಲು ಅನುಕೂಲ ಈ ಮೂರೂ ದೊರೆತಾಗ ಆತ ಸೇವೆಯಲ್ಲಿ ಮನಸ್ಸಿಟ್ಟು ನಿಲ್ಲುತ್ತಾನೆ ಎಂಬುದಕ್ಕೆ ಪಲ್ಪು ಅವರ ವೃತ್ತಿ ಜೀವನ ನಿದರ್ಶನವಾಗಿದೆ. ಅವರು ಬೆಂಗಳೂರಿನಲ್ಲಿ ನೆಲೆಸಿ ಇಲ್ಲಿಯೇ ಸಂಸಾರ ನಡೆಸಿದರು.

ಸಿಡುಬಿನ ಲಸಿಕೆಯ ಕಾರ್ಯ

ಪಲ್ಪು ಅವರ ಆರಂಭದ ಸೇವೆ ಸಿಡುಬಿನ ಲಸಿಕೆಗೆ ಸಂಬಂಧಿಸಿದ್ದಾಗಿತ್ತು. ಆಗ ಸಿಡುಬು ಪ್ರತಿ ಬೇಸಿಗೆಯಲ್ಲಿಯೂ ಹಳ್ಳಿ ಪಟ್ಟಣಗಳನ್ನು ಕಾಡುತ್ತಿದ್ದ ಮಾರಕ ರೋಗವಾಗಿತ್ತು. ಜನರು ಅದನ್ನು ದೇವಿ, ಅಮ್ಮ ಎಂದು ಕರೆದು ಪೂಜಿಸುತ್ತಿದ್ದರು. ಮೊದಲಿಗೆ ಲಸಿಕೆಯನ್ನು ಒಬ್ಬರ ತೋಳಿನಿಂದ ಮತ್ತೊಬ್ಬರ ತೋಳಿಗೆ ಹಾಕುವ ಪದ್ಧತಿ ಇತ್ತು. ಲಸಿಕೆ ಹಾಕಿಸಿಕೊಂಡ ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿಗೆ ಹಾಕಬೇಕಾಗಿತ್ತು. ಇದರಿಂದ ಬೇರೆ ರೋಗಗಳು ಹರಡುವ ಭೀತಿ ಇತ್ತು. ಬೇರೆ ಜಾತಿಯ ಮಗುವಿನ ಮೈಯ ರಸ ನಮಗೆ ಬೇಡ ಎಂಬ ವಿರೋಧವೂ ಇತ್ತು.

ಕರುವಿನ ಚರ್ಮದ ಮೇಲೆ ಲಸಿಕೆಯ ದ್ರವ್ಯವನ್ನು ಬೆಳೆಸಿ, ಸಂಗ್ರಹಿಸಿ, ಗ್ಲಿಸರಿನ್ ಮುಂತಾದವುಗಳಲ್ಲಿ ಕಾಪಾಡಿ ಊರೂರಿಗೆ ಕಳುಹಿಸುವ ವಿಧಾನ ಬಂದ ಮೇಲೆ ಈ ತೊಡಕುಗಳು ಬಹುಮಟ್ಟಿಗೆ ನಿವಾರಣೆಯಾದವು. ಆದರೆ ಬಿಸಿಲಿಗೆ ಲಸಿಕೆ ಬೇಗನೆ ಸತ್ವ ಕಳೆದುಕೊಳ್ಳುತ್ತಿತ್ತು. ಆದುದರಿಂದ ತಂಪಾದ ಹವೆಯ ಬೆಂಗಳೂರು ಈ ಕೆಲಸಕ್ಕೆ ಅನುಕೂಲವಾದ ಸ್ಥಳವಾಗಿತ್ತು. ಕರುಗಳ ಆರೈಕೆ, ದ್ರವ್ಯದ ಶುದ್ಧತೆ, ಕಾಲಕ್ಕೆ ಸರಿಯಾಗಿ ರವಾನೆ, ಲಸಿಕೆ ಹಾಕುವ ನೌಕರರ ತರಬೇತಿ ಈ ಯಾವುದರಲ್ಲಿ ಲೋಪವಾದರೂ ಊರಿಗೆ ಊರೇ ಲಸಿಕೆಯ ಮೇಲಿನ ನಂಬಿಕೆ ಕಳೆದುಕೊಳ್ಳುತ್ತಿತ್ತು. ಹೆಸರು ತರುವ ಕೆಲಸ ಇದಲ್ಲದಿದ್ದರೂ ಅನೇಕ ತಲೆಮಾರುಗಳ ಇಂತಹ ದುಡಿಮೆಯ ಫಲವಾಗಿ 1977ರಲ್ಲಿ ಭಾರತವು ಸಿಡುಬು ಮುಕ್ತವೆಂದು ಘೋಷಿತವಾಯಿತು. 1980ರಲ್ಲಿ ಇಡೀ ಜಗತ್ತು ಈ ರೋಗದಿಂದ ಮುಕ್ತವೆಂದು ಘೋಷಿತವಾಯಿತು.

1898ರ ಪ್ಲೇಗ್

1898ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿಗೆ ಪ್ಲೇಗ್ ಕಾಲಿಟ್ಟಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡಿದ್ದ ಈ ರೋಗವು ರೈಲು ಮಾರ್ಗದ ಮೂಲಕ ಹುಬ್ಬಳ್ಳಿಯ ಕಡೆಯಿಂದ ಇಲ್ಲಿಗೆ ಬಂದಿತು. ಆಗ ಬೆಂಗಳೂರು ಎರಡು ಆಡಳಿತಗಳ ಅಡಿಯಲ್ಲಿತ್ತು. ಪೇಟೆ ಪ್ರದೇಶವು ಮೈಸೂರು ಸರ್ಕಾರಕ್ಕೂ ದಂಡು ಪ್ರದೇಶವು ಬ್ರಿಟಿಷರಿಗೂ ಸೇರಿತ್ತು. ಚಿಕ್ಕಪೇಟೆ, ಬಳೇಪೇಟೆ, ಕಾಟನ್‌ಪೇಟೆ ಮುಂತಾದ ಕಡೆ ಮನೆಗಳು ಒತ್ತೊತ್ತಾಗಿದ್ದು ಗಾಳಿ ಬೆಳಕಿಗೆ ಆಸ್ಪದವಿರಲಿಲ್ಲ. ದವಸದ ಮಂಡಿಗಳಲ್ಲಿ ಇಲಿಗಳು ಹೇರಳವಾಗಿದ್ದವು. ಕೆಲವು ತಿಂಗಳಲ್ಲಿಯೇ ಸಾವಿರಾರು ಜನ ಮೃತರಾದರು. ಇನ್ನೂ ಹೆಚ್ಚು ಜನ ಊರು ಬಿಟ್ಟರು.

ಸಂಸ್ಥಾನದಲ್ಲಿ ಪ್ಲೇಗ್ ನಿವಾರಣೆಯ ಮೇಲ್ವಿಚಾರಣೆಗೆ ವಿ.ಪಿ. ಮಾಧವರಾವ್ ಅವರನ್ನು ಪ್ಲೇಗ್ ಕಮಿಷನರರಾಗಿ ನೇಮಿಸಲಾಯಿತು. ಇವರು ಮುಂದೆ ಮೈಸೂರಿನ ದಿವಾನರಾದರು. ನಗರಕ್ಕೆ ಆರೋಗ್ಯಾಧಿಕಾರಿಯನ್ನು ನೇಮಿಸಲಾಯಿತು. ಪ್ಲೇಗ್ ಕಾರ್ಯಾಚರಣೆಯ ಸಂಪರ್ಕಕ್ಕಾಗಿ ದೂರವಾಣಿ ತಂತಿಗಳನ್ನು ಎಳೆಯಲಾಯಿತು. ಡಾ. ಪಲ್ಪು ಅವರನ್ನು ಪ್ಲೇಗ್ ಶಿಬಿರಗಳ ಕೆಲಸಕ್ಕೆ ನಿಯೋಜಿಸಲಾಯಿತು. ರೋಗಿಗಳನ್ನೂ ಅವರೊಡನೆ ಇದ್ದವರನ್ನೂ ಊರ ಹೊರಗಿನ ಶಿಬಿರಗಳಿಗೆ ಸಾಗಿಸುವುದು, ಮನೆಗಳನ್ನು ತೆರವು ಮಾಡಿಸಿ ಔಷಧ ಸಿಂಪಡಿಸುವುದು, ಹೆಂಚು ತೆಗೆಸಿ ಬಿಸಿಲು ಬೀಳುವಂತೆ ಮಾಡುವುದು, ಪ್ರಯಾಣಿಕರ ತಪಾಸಣೆ, ಚುಚ್ಚುಮದ್ದು, ಶವಸಂಸ್ಕಾರ ಇವೆಲ್ಲ ಆ ಕಾಲದ ಪ್ಲೇಗ್ ಕರ್ತವ್ಯದಲ್ಲಿ ಸೇರಿದ್ದವು.

ಈ ಕೆಲಸದ ಅಪಾಯವನ್ನು ಇಂದು ಊಹಿಸುವುದು ಕಷ್ಟ. ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ ಅವರು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದರು. ಇಲಿಯ ಮೈಯ ಚಿಗಟದಿಂದ ರೋಗ ಹರಡುತ್ತದೆ ಎಂಬುದನ್ನು ಪಾಲ್ ಲೂಯಿ ಸಿಮೋ ಅವರು 1898ರಲ್ಲಿ ಕಂಡುಹಿಡಿದರಾದರೂ ಅದು ಸರ್ವಮಾನ್ಯವಾಗಲು ಇನ್ನೂ ಹಲವು ವರ್ಷಗಳು ಬೇಕಾದವು. ಆದ್ದರಿಂದ ಶಿಬಿರದಲ್ಲಿ ದುಡಿಯುತ್ತಿದ್ದ ವೈದ್ಯರು, ಪರಿಚಾರಕರು, ಜಾಡಮಾಲಿಗಳು, ಶವ ಹೊರುವವರು ತಮ್ಮನ್ನು ಯಾವುದರಿಂದ ಕಾಪಾಡಿಕೊಳ್ಳಬೇಕೆಂದು ತಿಳಿಯದೆಯೇ ಕೆಲಸ ಮಾಡಬೇಕಾಗಿತ್ತು. ವಾಲ್ಡೆಮಾರ್ ಹಾಫ್‌ಕಿನ್ ಅವರು 1897ರ ಜನವರಿಯಲ್ಲಿ ಮುಂಬಯಿಯಲ್ಲಿ ತಮ್ಮ ಮೈಮೇಲೆಯೇ ಪ್ರಯೋಗಿಸಿಕೊಂಡ ಪ್ಲೇಗ್ ಲಸಿಕೆಯೊಂದೇ ಅಂದು ದೊರೆಯುತ್ತಿದ್ದ ರಕ್ಷಣೆ.

ಜನರ ಭಯ ಮತ್ತು ಕೋಪವನ್ನೂ ಈ ನೌಕರರೇ ಎದುರಿಸಬೇಕಾಗಿತ್ತು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಅವರ ಮೇಲೆ 1897ರ ಜೂನ್ ತಿಂಗಳಿನಲ್ಲಿ ಗುಂಡು ಹಾರಿಸಲಾಗಿತ್ತು. 1898ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗ್ ಕ್ರಮಗಳ ವಿರುದ್ಧ ಗಲಭೆ ನಡೆಯಿತು. ಮನೆಯೊಳಗೆ ನುಗ್ಗಿ ರೋಗಿಯನ್ನು ಎಳೆದೊಯ್ಯುವವರು ಎಂಬ ಭಾವನೆ ಜನರಲ್ಲಿದ್ದಾಗ ಮೇಲಿನ ಆಜ್ಞೆಗೂ ಕೆಳಗಿನ ಆಕ್ರೋಶಕ್ಕೂ ನಡುವೆ ಸಿಲುಕುವವರು ಶಿಬಿರದ ಅಧಿಕಾರಿ ಮತ್ತು ಸಿಬ್ಬಂದಿ. ಅನೇಕರು ಊರು ಬಿಟ್ಟು ಹೋದ ಆ ದಿನಗಳಲ್ಲಿ ಡಾ. ಪಲ್ಪು ಅವರು ತಮ್ಮ ಕರ್ತವ್ಯದ ಸ್ಥಳದಲ್ಲಿ ಉಳಿದು ಕೆಲಸ ನಿರ್ವಹಿಸಿದರು. ಹುಟ್ಟೂರಿನಲ್ಲಿ ರೋಗಿಯ ನಾಡಿ ಮುಟ್ಟಲು ಯಾವ ಕೈಗೆ ಅನುಮತಿ ದೊರೆಯಲಿಲ್ಲವೋ ಆ ಕೈ ಬೆಂಗಳೂರಿನಲ್ಲಿ ಎಲ್ಲ ಜಾತಿಯ ಪ್ಲೇಗ್ ರೋಗಿಗಳ ಶುಶ್ರೂಷೆ ಮಾಡಿತು.

ಹೊಸ ಬಡಾವಣೆಗಳು

ಪ್ಲೇಗಿನ ನಂತರ ಬೆಂಗಳೂರಿನ ಸ್ವರೂಪವೇ ಬದಲಾಯಿತು. ಪೇಟೆಯ ಜನಸಂದಣಿಯನ್ನು ಕಡಿಮೆ ಮಾಡುವ ಉದ್ದೇಶದಿಂದ ದಕ್ಷಿಣಕ್ಕೆ ಬಸವನಗುಡಿ ಮತ್ತು ಉತ್ತರಕ್ಕೆ ಮಲ್ಲೇಶ್ವರ ಬಡಾವಣೆಗಳನ್ನು ಅಭಿವೃದ್ಧಿಪಡಿಸಲಾಯಿತು. ಇವುಗಳಿಗಿಂತ ಕೆಲವು ವರ್ಷ ಮೊದಲೇ, 1892ರಲ್ಲಿ, ಚಾಮರಾಜಪೇಟೆ ಬಡಾವಣೆ ರೂಪುಗೊಂಡಿತ್ತು. ಅಗಲವಾದ ನೇರ ರಸ್ತೆಗಳು, ಮನೆಯ ಸುತ್ತ ಬಯಲು, ಗಾಳಿ ಬೆಳಕು, ನೈರ್ಮಲ್ಯದ ನಿಯಮಗಳಿಗೆ ಅನುಗುಣವಾಗಿ ಮನೆ ಕಟ್ಟುವ ಕಟ್ಟಳೆ ಇವೆಲ್ಲ ಈ ಹೊಸ ಬಡಾವಣೆಗಳ ವೈಶಿಷ್ಟ್ಯಗಳು. ಮಹಾರಾಣಿಯವರು 1897ರಲ್ಲಿ ಶಂಕುಸ್ಥಾಪನೆ ಮಾಡಿದ್ದ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರ ಡಿಸೆಂಬರ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಅವರು ಉದ್ಘಾಟಿಸಿದರು.

ಈ ಬಡಾವಣೆಗಳ ಮನೆಗಳ ಹಿಂಭಾಗದಲ್ಲಿ ಕಿರಿದಾದ ಓಣಿಗಳನ್ನು ಬಿಡಲಾಗಿತ್ತು. ಶೌಚಾಲಯಗಳನ್ನು ಸ್ವಚ್ಛಗೊಳಿಸಲು ಬರುವ ಕಾರ್ಮಿಕರು ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗುವುದಕ್ಕಾಗಿ ಮಾಡಿದ್ದ ವ್ಯವಸ್ಥೆ ಇದು. ಮಲ್ಲೇಶ್ವರದಲ್ಲಿ ಇಂತಹ ಓಣಿಗಳು ಈಗಲೂ ಕಾಣಸಿಗುತ್ತವೆ. ಊರಿನ ಆರೋಗ್ಯ ಕಾಪಾಡಿದವರ ಸಾಲಿನಲ್ಲಿ ವೈದ್ಯರ ಜೊತೆಗೆ ಈ ಓಣಿಗಳಲ್ಲಿ ನಡೆದಾಡಿದ ಹೆಸರಿಲ್ಲದ ಕಾರ್ಮಿಕರೂ ಇದ್ದಾರೆ ಎಂಬುದನ್ನು ಸ್ಮರಿಸುವುದು ಉಚಿತ.

ಉನ್ನತ ವ್ಯಾಸಂಗ

ಡಾ. ಪಲ್ಪು ಅವರ ಸಾಮರ್ಥ್ಯವನ್ನು ಮನಗಂಡ ಮೈಸೂರು ಸರ್ಕಾರವು ಅವರನ್ನು ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಿತು. ಅಲ್ಲಿ ಅವರು ಕೇಂಬ್ರಿಡ್ಜ್ ಮತ್ತು ಲಂಡನ್‌ಗಳಲ್ಲಿ ವ್ಯಾಸಂಗ ನಡೆಸಿ ಸಾರ್ವಜನಿಕ ಆರೋಗ್ಯ ವಿಷಯದಲ್ಲಿ ಡಿ.ಪಿ.ಎಚ್. ಅರ್ಹತೆ ಪಡೆದರು. ಹಿಂದಿರುಗಿದ ಮೇಲೆ ಬೆಂಗಳೂರಿನಲ್ಲಿ ಆರೋಗ್ಯಾಧಿಕಾರಿಯಾಗಿಯೂ ಇತರ ಹೊಣೆಯ ಹುದ್ದೆಗಳಲ್ಲಿಯೂ ಸೇವೆ ಸಲ್ಲಿಸಿದರು. ಬರೋಡಾ ಸಂಸ್ಥಾನವೂ ಆರೋಗ್ಯ ವಿಷಯದಲ್ಲಿ ಅವರ ಸೇವೆಯನ್ನು ಬಳಸಿಕೊಂಡಿತು. ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಒಂದು ಸಂಸ್ಥಾನದಲ್ಲಿ ಪ್ರವೇಶ ದೊರೆಯದ ವಿದ್ಯಾರ್ಥಿಯನ್ನು ಮತ್ತೊಂದು ಸಂಸ್ಥಾನವು ಸಾಗರದಾಚೆಗೆ ಓದಲು ಕಳುಹಿಸಿತು. ನೌಕರರ ವಿದ್ಯೆಗೆ ಮಾಡಿದ ವೆಚ್ಚವು ಜನತೆಗೆ ಸೇವೆಯ ರೂಪದಲ್ಲಿ ಹಿಂದಿರುಗುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

13,176 ಸಹಿಗಳ ಮನವಿ

ಬೆಂಗಳೂರಿನಲ್ಲಿ ತಮಗೆ ನೆಲೆ ದೊರೆತ ಮೇಲೆ ಪಲ್ಪು ಅವರು ಊರಿನವರನ್ನು ಮರೆಯಲಿಲ್ಲ. 1891ರ ಜನವರಿಯಲ್ಲಿ ತಿರುವಾಂಕೂರಿನ ಮಹಾರಾಜರಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನರು ಸಹಿ ಮಾಡಿದ ಮನವಿಯೊಂದು ಸಲ್ಲಿಕೆಯಾಗಿತ್ತು. ಸಂಸ್ಥಾನದ ಉನ್ನತ ಹುದ್ದೆಗಳು ಹೊರಗಿನವರ ಪಾಲಾಗುತ್ತಿವೆ, ನಾಡಿನವರಿಗೆ ಅವಕಾಶ ನೀಡಬೇಕು ಎಂಬುದು ಅದರ ಸಾರ. ಇತಿಹಾಸದಲ್ಲಿ ಮಲಯಾಳಿ ಮೆಮೋರಿಯಲ್ ಎಂದು ಹೆಸರಾದ ಈ ಮನವಿಯಲ್ಲಿ ಮೂರನೆಯ ಸಹಿ ಪಲ್ಪು ಅವರದು. ತಿಂಗಳಿಗೆ ಐದು ರೂಪಾಯಿ ಅಥವಾ ಹೆಚ್ಚಿನ ಸಂಬಳದ ಸರ್ಕಾರಿ ಹುದ್ದೆಯಲ್ಲಿ ಈಳವ ಸಮುದಾಯದ ಒಬ್ಬರೂ ಇಲ್ಲವೆಂಬ ಅಂಶವನ್ನು ಅದರಲ್ಲಿ ತೋರಿಸಲಾಗಿತ್ತು. ಆ ಸಮುದಾಯದವರು ವಿದ್ಯಾವಂತರಲ್ಲ, ತಮ್ಮ ಕುಲಕಸುಬಿನಲ್ಲಿಯೇ ತೃಪ್ತರಾಗಿದ್ದಾರೆ ಎಂಬ ಧಾಟಿಯಲ್ಲಿ ಸರ್ಕಾರದ ಉತ್ತರ ಬಂದಿತು. ಸಹಿ ಹಾಕಿದವರಲ್ಲಿ ಮೂರನೆಯವರೇ ವೈದ್ಯರಾಗಿದ್ದರೂ ಉತ್ತರ ಬರೆದವರು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಅನಂತರ ಪಲ್ಪು ಅವರು ಈಳವ ಸಮುದಾಯದ ಪರವಾಗಿಯೇ ಪ್ರತ್ಯೇಕ ಮನವಿಯನ್ನು ಸಿದ್ಧಪಡಿಸಿದರು. 13,176 ಜನರ ಸಹಿಗಳಿದ್ದ ಆ ಮನವಿಯನ್ನು 1896ರ ಸೆಪ್ಟೆಂಬರ್ 3ರಂದು ಮಹಾರಾಜ ಶ್ರೀ ಮೂಲಂ ತಿರುನಾಳ್ ಅವರಿಗೆ ಸಲ್ಲಿಸಲಾಯಿತು. ಸರ್ಕಾರಿ ಶಾಲೆಗಳಲ್ಲಿ ಪ್ರವೇಶ ಮತ್ತು ಸರ್ಕಾರಿ ಸೇವೆಯಲ್ಲಿ ಅವಕಾಶ ಇವೇ ಅದರ ಮುಖ್ಯ ಕೋರಿಕೆಗಳು. ಬೇರೆ ಧರ್ಮಕ್ಕೆ ಸೇರಿದ ಈಳವರಿಗೆ ದೊರೆಯುವ ಹಕ್ಕುಗಳು ಹಿಂದೂಗಳಾಗಿಯೇ ಉಳಿದವರಿಗೆ ಏಕೆ ದೊರೆಯಬಾರದು ಎಂಬ ಪ್ರಶ್ನೆಯನ್ನೂ ಎತ್ತಲಾಗಿತ್ತು. ಈ ಮನವಿಗೂ ಕೂಡಲೇ ಫಲ ದೊರೆಯಲಿಲ್ಲ. ಪಲ್ಪು ಅವರು ಮನವಿಗಳನ್ನೂ ಪತ್ರಿಕಾ ಲೇಖನಗಳನ್ನೂ ಒಟ್ಟುಗೂಡಿಸಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಪತ್ರಕರ್ತ ಜಿ.ಪಿ. ಪಿಳ್ಳೆ ಅವರ ಮೂಲಕ ವಿಷಯವನ್ನು ರಾಷ್ಟ್ರೀಯ ವೇದಿಕೆಗಳವರೆಗೂ ಇಂಗ್ಲೆಂಡಿನವರೆಗೂ ಕೊಂಡೊಯ್ದರು. ಇದಕ್ಕಾಗಿ ತಮ್ಮ ಸಂಪಾದನೆಯ ಹಣವನ್ನು ಧಾರಾಳವಾಗಿ ವೆಚ್ಚ ಮಾಡಿದರು.

ಬೆಂಗಳೂರಿನ ಮನೆ

ಪಲ್ಪು ಅವರ ಬೆಂಗಳೂರಿನ ಮನೆಯು ಆ ಕಾಲದ ಹಲವು ಪ್ರಮುಖರ ತಂಗುದಾಣವಾಗಿತ್ತು. ಸ್ವಾಮಿ ವಿವೇಕಾನಂದರು 1892ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸಂಚರಿಸುತ್ತಿದ್ದಾಗ ಪಲ್ಪು ಅವರು ಅವರನ್ನು ಭೇಟಿಯಾದರು. ಸಮಾಜದ ಏಳಿಗೆಗೆ ಆಧ್ಯಾತ್ಮಿಕ ನಾಯಕರೊಬ್ಬರ ಮಾರ್ಗದರ್ಶನ ಅಗತ್ಯವೆಂಬ ಸಲಹೆ ಅವರಿಗೆ ಆಗ ದೊರೆಯಿತೆಂದು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ.

ಬ್ರಹ್ಮಶ್ರೀ ನಾರಾಯಣ ಗುರುಗಳು ಬೆಂಗಳೂರಿಗೆ ಬಂದು ಪಲ್ಪು ಅವರ ಮನೆಯಲ್ಲಿ ತಂಗಿದ್ದರು. ಅವರ ಶಿಷ್ಯರಾಗಿದ್ದ ತರುಣ ಕುಮಾರನ್ ಅವರು 1895ರಲ್ಲಿ ಇದೇ ಮನೆಯ ಆಶ್ರಯದಲ್ಲಿ ನಿಂತು ಶ್ರೀ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಈ ವಿದ್ಯಾಸಂಸ್ಥೆಯು ಇಂದು ಚಾಮರಾಜಪೇಟೆಯಲ್ಲಿದೆ. ಪಲ್ಪು ಅವರು ಆ ತರುಣನನ್ನು ಪ್ರೀತಿಯಿಂದ ಚಿನ್ನಸ್ವಾಮಿ ಎಂದು ಕರೆಯುತ್ತಿದ್ದರು. 1898ರಲ್ಲಿ ಪ್ಲೇಗ್ ಹರಡಿದಾಗ ಕುಮಾರನ್ ಅವರ ಬೆಂಗಳೂರಿನ ವ್ಯಾಸಂಗ ನಿಂತಿತು. ಅವರು ಮುಂದೆ ಕಲ್ಕತ್ತೆಗೆ ತೆರಳಿ ಓದು ಮುಂದುವರಿಸಿದರು. ಇವರೇ ಅನಂತರ ಮಹಾಕವಿ ಕುಮಾರನ್ ಆಶಾನ್ ಎಂದು ಮಲಯಾಳ ಸಾಹಿತ್ಯದಲ್ಲಿ ಪ್ರಖ್ಯಾತರಾದರು. ಒಂದೇ ಪ್ಲೇಗ್ ಆಶ್ರಯದಾತರನ್ನು ಶಿಬಿರಕ್ಕೂ ವಿದ್ಯಾರ್ಥಿಯನ್ನು ದೂರದ ಊರಿಗೂ ಕಳುಹಿಸಿತು.

1903ರ ಮೇ 15ರಂದು ಶ್ರೀ ನಾರಾಯಣ ಧರ್ಮ ಪರಿಪಾಲನಾ ಯೋಗಂ ಎಂಬ ಸಂಸ್ಥೆ ಸ್ಥಾಪನೆಯಾಯಿತು. ನಾರಾಯಣ ಗುರುಗಳು ಅಧ್ಯಕ್ಷರಾದರು. ಕುಮಾರನ್ ಆಶಾನ್ ಅವರು ಕಾರ್ಯದರ್ಶಿಯಾದರು. ಸಂಸ್ಥೆಯ ರಚನೆಯ ಹಿಂದೆ ಪಲ್ಪು ಅವರ ಯೋಜನೆ ಮತ್ತು ಪರಿಶ್ರಮವಿತ್ತು. 1905ರಲ್ಲಿ ಕೊಲ್ಲಂನಲ್ಲಿ ನಡೆದ ಕೈಗಾರಿಕಾ ವಸ್ತು ಪ್ರದರ್ಶನವನ್ನೂ ಅವರು ಮುಂದೆ ನಿಂತು ಏರ್ಪಡಿಸಿದರು. ನಾರಾಯಣ ಗುರುಗಳು 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥೇಶ್ವರನನ್ನು ಪ್ರತಿಷ್ಠಾಪಿಸಿದರು. ಇಂದು ಕರಾವಳಿ ಕರ್ನಾಟಕದಲ್ಲಿ ಅವರಿಗೆ ಅಪಾರ ಭಕ್ತವೃಂದವಿದೆ.

ಪಲ್ಪು ಅವರ ಪುತ್ರ ನಟರಾಜ ಗುರು ಅವರು 1895ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು. ನಾರಾಯಣ ಗುರುಗಳ ಶಿಷ್ಯರಾದ ಅವರು 1923ರಲ್ಲಿ ನಾರಾಯಣ ಗುರುಕುಲವನ್ನು ಸ್ಥಾಪಿಸಿದರು.

ಮೈಸೂರಿನ ಸ್ಥಿತಿ

ಪಲ್ಪು ಅವರಿಗೆ ಅವಕಾಶ ನೀಡಿದ ಮಾತ್ರಕ್ಕೆ ಮೈಸೂರು ಸಂಸ್ಥಾನದಲ್ಲಿ ಭೇದಭಾವ ಇರಲಿಲ್ಲವೆಂದು ಹೇಳಲಾಗದು. ಇಲ್ಲಿಯೂ ಸರ್ಕಾರಿ ಹುದ್ದೆಗಳ ಬಹುಭಾಗ ಕೆಲವೇ ಸಮುದಾಯಗಳವರಲ್ಲಿತ್ತು. ಈ ಕುರಿತು ಅಹವಾಲುಗಳು ಬಂದುದರಿಂದ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿದರು. ಹಿಂದುಳಿದ ವರ್ಗಗಳವರಿಗೆ ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯ ನೀಡುವ ಬಗ್ಗೆ ಸಮಿತಿಯು 1919ರಲ್ಲಿ ವರದಿ ಸಲ್ಲಿಸಿತು. ಈ ದಿಕ್ಕಿನಲ್ಲಿ ದೇಶದಲ್ಲಿಯೇ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಹೊರಗಿನಿಂದ ಬಂದ ಒಬ್ಬ ಪ್ರತಿಭಾವಂತರಿಗೆ ಬಾಗಿಲು ತೆರೆಯುವುದು ಒಂದು ವಿಷಯ. ತನ್ನ ಊರಿನ ಎಲ್ಲರಿಗೂ ಬಾಗಿಲು ತೆರೆಯುವುದು ಮತ್ತೊಂದು ವಿಷಯ. ಮೈಸೂರು ಎರಡನೆಯ ಕಾರ್ಯಕ್ಕೆ ಕೈಹಾಕುವ ಹೊತ್ತಿಗೆ ಪಲ್ಪು ಅವರ ಸೇವಾವಧಿ ಮುಗಿಯುತ್ತಾ ಬಂದಿತ್ತು. ಅವರು 1920ರಲ್ಲಿ ನಿವೃತ್ತರಾದರು.

ಕೊನೆಯ ದಿನಗಳು

ನಿವೃತ್ತಿಯ ನಂತರ ಪಲ್ಪು ಅವರು ತಿರುವನಂತಪುರದಲ್ಲಿ ನೆಲೆಸಿದರು. ತಾವು ತರುಣರಾಗಿದ್ದಾಗ ಕೋರಿದ್ದ ಹಲವು ಸುಧಾರಣೆಗಳನ್ನು ಅವರು ವೃದ್ಧಾಪ್ಯದಲ್ಲಿ ಕಂಡರು. 1936ರಲ್ಲಿ ತಿರುವಾಂಕೂರಿನಲ್ಲಿ ಸರ್ಕಾರಿ ನೇಮಕಾತಿಗಾಗಿ ಪ್ರತ್ಯೇಕ ಕಮಿಷನರರ ವ್ಯವಸ್ಥೆ ಜಾರಿಗೆ ಬಂದಿತು. ಅದೇ ವರ್ಷ ನವೆಂಬರ್ 12ರಂದು ದೇವಾಲಯ ಪ್ರವೇಶದ ಘೋಷಣೆ ಹೊರಟಿತು. 13,176 ಜನರ ಮನವಿ ಸಲ್ಲಿಕೆಯಾಗಿ ಆಗ 40 ವರ್ಷಗಳಾಗಿದ್ದವು. ಸಹಿ ಹಾಕಿದವರಲ್ಲಿ ಎಷ್ಟೋ ಮಂದಿ ಆ ದಿನವನ್ನು ಕಾಣಲು ಉಳಿದಿರಲಿಲ್ಲ.

ಡಾ. ಪಲ್ಪು ಅವರು 1950ರ ಜನವರಿ 25ರಂದು ನಿಧನರಾದರು. ಮರುದಿನ, ಅಂದರೆ ಜನವರಿ 26ರಂದು, ಭಾರತದ ಸಂವಿಧಾನವು ಜಾರಿಗೆ ಬಂದಿತು. ಸರ್ಕಾರಿ ಉದ್ಯೋಗದಲ್ಲಿ ಎಲ್ಲ ನಾಗರಿಕರಿಗೂ ಸಮಾನ ಅವಕಾಶವಿರಬೇಕೆಂದೂ ಧರ್ಮ, ಜಾತಿ, ಲಿಂಗ, ಜನ್ಮಸ್ಥಳ ಮುಂತಾದವುಗಳ ಕಾರಣಕ್ಕೆ ಯಾರನ್ನೂ ಅನರ್ಹರೆಂದು ತಿರಸ್ಕರಿಸಬಾರದೆಂದೂ ಅದರ 16ನೆಯ ಅನುಚ್ಛೇದವು ವಿಧಿಸುತ್ತದೆ. 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ನಿಷೇಧಿಸುತ್ತದೆ. ತರುಣ ವೈದ್ಯರೊಬ್ಬರ ಅರ್ಜಿಗೆ ಆರು ದಶಕಗಳ ಹಿಂದೆ ದೊರೆಯಬೇಕಾಗಿದ್ದ ಉತ್ತರವು ಅವರು ಕಣ್ಮುಚ್ಚಿದ ಮರುದಿನ ದೇಶದ ಕಾನೂನಾಯಿತು.

ಇಂದಿನ ಅರ್ಜಿದಾರರ ಗಮನಕ್ಕೆ

ಡಾ. ಪಲ್ಪು ಅವರ ಕಾಲದಲ್ಲಿ ಅರ್ಜಿಯು ಯಾವ ಕಾರಣಕ್ಕೆ ತಿರಸ್ಕೃತವಾಯಿತು ಎಂದು ಕೇಳುವ ಹಕ್ಕು ಸಾಮಾನ್ಯ ಪ್ರಜೆಗೆ ಇರಲಿಲ್ಲ. ಇಂದು ಆ ಹಕ್ಕು ಕಾನೂನಿನಲ್ಲಿದೆ. ಮಾಹಿತಿ ಹಕ್ಕು ಅಧಿನಿಯಮ, 2005ರ ಅನ್ವಯ ಸರ್ಕಾರಿ ಕಡತಗಳಲ್ಲಿರುವ ಮಾಹಿತಿಯನ್ನು ನಾಗರಿಕರು ಕೋರಬಹುದಾಗಿದೆ. ಕರ್ನಾಟಕದಲ್ಲಿ 2011ರ ಸಕಾಲ ಅಧಿನಿಯಮದ ಅನ್ವಯ ಅಧಿಸೂಚಿತ ಸೇವೆಗಳನ್ನು ನಿಗದಿತ ಅವಧಿಯೊಳಗೆ ಒದಗಿಸಬೇಕು. ಅರ್ಜಿ ಸಲ್ಲಿಸಿದವರು ಸ್ವೀಕೃತಿ ಮತ್ತು ಅದರಲ್ಲಿನ ಸಂಖ್ಯೆಯನ್ನು ತಪ್ಪದೆ ಪಡೆದುಕೊಳ್ಳಬೇಕು. ಅರ್ಜಿಯನ್ನು ತಿರಸ್ಕರಿಸಿದಲ್ಲಿ ಅದಕ್ಕೆ ಕಾರಣವನ್ನು ಲಿಖಿತವಾಗಿ ತಿಳಿಸಬೇಕಾಗುತ್ತದೆ. ವಿಳಂಬವಾದಲ್ಲಿ ಅಥವಾ ತಿರಸ್ಕೃತವಾದಲ್ಲಿ ಮೇಲ್ಮನವಿ ಸಲ್ಲಿಸುವ ಅವಕಾಶವಿದೆ.

ಕಿಟಕಿಯ ಆಚೆ ಕುಳಿತು ಅರ್ಜಿ ಸ್ವೀಕರಿಸುವ ನೌಕರರಿಗೂ ಈ ಜೀವನ ಚರಿತ್ರೆಯಲ್ಲಿ ಸಂದೇಶವಿದೆ. ಅರ್ಜಿಯಲ್ಲಿ ಬರೆದಿರುವ ಅರ್ಹತೆಯನ್ನು ನೋಡಿ ತೀರ್ಮಾನಿಸುವುದು ಕರ್ತವ್ಯ. ಅಂದು ಒಂದು ಕಚೇರಿ ಈ ಕರ್ತವ್ಯವನ್ನು ಮರೆತುದರಿಂದ ಒಂದು ಊರು ವೈದ್ಯರನ್ನು ಕಳೆದುಕೊಂಡಿತು. ಮತ್ತೊಂದು ಕಚೇರಿ ಅದನ್ನು ನೆನಪಿಟ್ಟುಕೊಂಡುದರಿಂದ ಪ್ಲೇಗಿನ ದಿನಗಳಲ್ಲಿ ಬೆಂಗಳೂರಿಗೆ ಒಬ್ಬ ವೈದ್ಯರು ದೊರೆತರು.